ಅಟ್ಟದ ಮೇಲೆ ಆರು ದಿನ

ಕುಣಿಗಲ್ ದೊಡ್ಡಮ್ಮ ತೀರಿಕೊಂಡರೆಂದು ಫೋನು ಬಂದಾಗ ನಾನು ಮೊರದಲ್ಲಿ ರಾಗಿ ಹಸನು ಮಾಡುತ್ತಿದ್ದೆ. ನನ್ನ ತಲೆಯ ಮೇಲೆ, ಅಡುಗೆಮನೆಯ ಅಟ್ಟದಲ್ಲಿ, ಹಬ್ಬದ ಪಾತ್ರೆಗಳ ಹಿಂದೆ ಒಂದು ರಟ್ಟಿನ ಪೆಟ್ಟಿಗೆ ಇತ್ತು. ಅದನ್ನು ಬಚ್ಚಿಟ್ಟವಳು ನಾನು. ಆ ಪೆಟ್ಟಿಗೆ ಹೋಗಬೇಕಾದ ಕಡೆ ಹೋಗಿದ್ದರೆ ನಮ್ಮತ್ತೆ ತಮ್ಮ ಒಡಹುಟ್ಟಿದ ಅಕ್ಕನಾದ ಆ ದೊಡ್ಡಮ್ಮನ ಮುಖವನ್ನು ಜೀವ ಇರುವಾಗಲೇ ನೋಡಿರುತ್ತಿದ್ದರು. ಆಮೇಲೆ ನಾಲ್ಕು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ.

ಅತ್ತೆ ಹದಿನೆಂಟು ವರ್ಷ ತುಮಕೂರಿನಲ್ಲಿ ನಮ್ಮ ಜೊತೆಗೇ ಇದ್ದವರು. ಲಕ್ವ ಹೊಡೆದು ಎಡಗಡೆ ಬಿದ್ದುಹೋದ ದಿನ ನಮ್ಮನೆಯವರೂ ಪಕ್ಕದ ಮನೆಯವರೂ ಅವರನ್ನು ಎತ್ತಿ ಆಟೋದಲ್ಲಿ ಹಾಕಿದರು. ಬೀದಿಯವರೆಲ್ಲ ನೋಡುತ್ತಿದ್ದ ಹಾಗೇ ಸೆರಗು ಜಾರಿತು. ಆಸ್ಪತ್ರೆಯಿಂದ ಬಂದ ಮೇಲೆ ಅವರು ಹೇಳಿದ ಮೊದಲ ಮಾತು — "ಇನ್ಮೇಲೆ ನನ್ನ ಹೆಣ ಎತ್ತಿದಂಗೆ ಎತ್ತಬ್ಯಾಡಿ." ಆಮೇಲೆ ಒಂದು ವರ್ಷ ಅವರು ಹೊಸಿಲು ದಾಟಲಿಲ್ಲ. ಸ್ನಾನ, ಬಟ್ಟೆ, ಊಟ, ಹಣೆಗೆ ವಿಭೂತಿ — ಎಲ್ಲ ನನ್ನ ಕೈಯಿಂದಲೇ. ಭಾರ ಅನ್ನಿಸಲಿಲ್ಲ. ನಿಜ ಹೇಳಬೇಕೆಂದರೆ ಹೆಮ್ಮೆ ಇತ್ತು.

ಆಗ ನನ್ನ ಮೈದುನ ಆ ವ್ಯಾನು ತಂದ. ಅವನದು ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರ. ಬೆಂಗಳೂರಿನಲ್ಲಿ ಯಾರೋ ತಮ್ಮ ತಂದೆಗಾಗಿ ಜಪಾನಿನಿಂದ ತರಿಸಿಕೊಂಡಿದ್ದ ಗಾಡಿಯಂತೆ. ತಂದೆ ಹೋದ ಮೇಲೆ ಮಾರಿದರು. ಎಂಟು ಜನ ಕೂರುವಷ್ಟು ದೊಡ್ಡದು. ಬಾಗಿಲು ತನ್ನಷ್ಟಕ್ಕೆ ತಾನೇ ಸರಿಯುತ್ತಿತ್ತು. ಗುಂಡಿ ಒತ್ತಿದರೆ ಮಧ್ಯದ ಸೀಟು ಆಚೆಗೆ ತಿರುಗಿ, ಮೆಲ್ಲಗೆ ಕೆಳಗಿಳಿದು, ಮನುಷ್ಯರ ಮೊಣಕಾಲೆತ್ತರಕ್ಕೆ ಬಂದು ನಿಲ್ಲುತ್ತಿತ್ತು. ನಾನು ಹಿಡಿದುಕೊಂಡು ಅತ್ತೆಯನ್ನು ಗಾಲಿಕುರ್ಚಿಯಿಂದ ಅದಕ್ಕೆ ಕೂರಿಸಿದೆ. ಸೀಟು ಅವರನ್ನು ಕೂತ ಹಾಗೆಯೇ ಮೇಲೆತ್ತಿ ಒಳಗೆ ಕರೆದುಕೊಂಡಿತು. ಅತ್ತೆ ನಕ್ಕರು — ವರ್ಷವಾಗಿತ್ತು ಆ ನಗು ನೋಡಿ. ಗಾಡಿ ಶುರುವಾದಾಗ ಒಳಗಿನಿಂದ ಒಬ್ಬ ಹೆಂಗಸಿನ ದನಿ ಜಪಾನಿ ಭಾಷೆಯಲ್ಲಿ ಏನೋ ಹೇಳಿತು. "ಹೂಂ ಕಣವ್ವ, ಹೊರಡು ಹೊರಡು," ಅಂದರು ಅತ್ತೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆ ದಿನ ಗುಬ್ಬಿಗೆ ಹೋದವರು ಮತ್ತೆ ನಮ್ಮ ಮನೆಗೆ ವಾಸಕ್ಕೆ ಬರಲಿಲ್ಲ.

ವಾರಗಿತ್ತಿ ಶೈಲ ಅವರನ್ನು ಸೋಮವಾರ ಸೋಮವಾರ ದೇವಸ್ಥಾನಕ್ಕೆ, ತೋಟಕ್ಕೆ, ದೇವರಾಯನದುರ್ಗದ ಬೆಟ್ಟಕ್ಕೆ ಕರೆದುಕೊಂಡು ಹೋದಳು. ಫೋಟೋಗಳು ಬರುತ್ತಿದ್ದವು. ಒಂದು ಸಲ ನಾನು ಗುಬ್ಬಿಗೆ ಹೋಗಿದ್ದಾಗ ಅತ್ತೆ ಯಾರೋ ನೆಂಟರಿಗೆ ಹೇಳುತ್ತಿದ್ದರು — "ಗಿರಿಜನ ಮನೇಲಿ ಬಾಗ್ಲೊಳಗೇ ಇದ್ನಲ್ಲವ್ವ. ಶೈಲ ನಂಗೆ ಊರು ತೋರಿಸ್ತಾವ್ಳೆ." ಸುಳ್ಳೇನಲ್ಲ. ಆದರೆ ಆ ಬಾಗಿಲೊಳಗೆ ನಾನೂ ಇದ್ದೆನಲ್ಲ, ಅವರ ಜೊತೆ — ಅದು ಲೆಕ್ಕಕ್ಕೇ ಬರಲಿಲ್ಲವೇ? ಗಾಡಿಯ ಒಂದು ಸೀಟಿನ ಮೇಲೆ ಹೊಟ್ಟೆ ಉರಿದುಕೊಂಡ ಹೆಂಗಸು ನಾನಲ್ಲದೆ ಇನ್ನೊಬ್ಬಳು ಇರಲಾರಳು.

ಆ ಗಾಡಿ ಸಾಕುವುದು ಸುಲಭವಿರಲಿಲ್ಲ. ಕನ್ನಡಿಯ ಪಕ್ಕದ ಪರದೆಯಲ್ಲಿ ಕೆಂಪು ದೀಪ ಹತ್ತಿದರೆ ಕೆಳಗಿನ ಅಕ್ಷರ ಓದುವವರಿಲ್ಲ. ಮೈದುನ ಫೋಟೋ ತೆಗೆದು ಫೋನಿನಲ್ಲಿ ಅರ್ಥ ಹುಡುಕುತ್ತಿದ್ದ. ಹಿರೇಹಳ್ಳಿಯ ಒಬ್ಬ ಮೆಕ್ಯಾನಿಕ್ ಮಾತ್ರ ಅದನ್ನು ಮುಟ್ಟುವ ಧೈರ್ಯ ಮಾಡುತ್ತಿದ್ದ. "ಅಣ್ಣಾ, ಇದ್ರ ಒಂದು ಬೋಲ್ಟ್ ಹೋದ್ರೂ ಜಪಾನಿಂದ್ಲೇ ಬರ್ಬೇಕು ಕಣಣ್ಣ," ಎಂದು ಅವನು ಮೊದಲೇ ಹೇಳಿದ್ದ. ಎರಡನೇ ವರ್ಷ ಸೀಟು ತಿರುಗಿಸುವ ಮೋಟರೇ ಕೆಟ್ಟಿತು. ಬೆಂಗಳೂರಿನ ಒಂದು ಅಂಗಡಿಗೆ ಹೇಳಿ ಹೊಸದು ತರಿಸಲು ಎರಡು ತಿಂಗಳು. ಗುಬ್ಬಿಯ ತೋಟದ ಮನೆಗೆ ಕೊರಿಯರ್‌ನವರು ಹೋಗುವುದಿಲ್ಲವೆಂದು ನಮ್ಮ ಮನೆಯ ವಿಳಾಸ ಕೊಟ್ಟರು.

ಶುಕ್ರವಾರ ಬೆಳಿಗ್ಗೆ ಪೆಟ್ಟಿಗೆ ಬಂತು. ಮನೆಯಲ್ಲಿ ನಾನೊಬ್ಬಳೇ. ಫೋನು ಕೈಗೆ ತೆಗೆದುಕೊಂಡೆ — ಇಟ್ಟುಬಿಟ್ಟೆ. ಶುಕ್ರವಾರ ಮನೆಯಿಂದ ವಸ್ತು ಆಚೆ ಕೊಡಬಾರದು, ನಾಳೆ ಹೇಳೋಣ ಅಂದುಕೊಂಡೆ. ಶನಿವಾರ ಕಬ್ಬಿಣ ಯಾರ ಮನೆಗೂ ಹೋಗಬಾರದು. ಭಾನುವಾರ ಅಮಾವಾಸ್ಯೆ. ಮೂರು ದಿನ ಹೀಗೆ ಶಾಸ್ತ್ರವೇ ನನ್ನ ಕಡೆ ನಿಂತಿತು. ನಾನು ಯಾವ ತಪ್ಪನ್ನೂ ಮಾಡುತ್ತಿಲ್ಲವೆಂದು ನನಗೆ ನಾನೇ ಹೇಳಿಕೊಂಡೆ. ಸಂಜೆ ದೀಪ ಹಚ್ಚಿ, ಆ ದಿನ ಶಿವ ಮಾಡಿದ ಸಣ್ಣಪುಟ್ಟ ಉಪಕಾರ ನೆನೆಯುವುದು ನನ್ನ ಅಭ್ಯಾಸ — ನಲ್ಲಿ ನೀರು ಹೊತ್ತಿಗೆ ಬಂತು, ಮಂಡಿ ನೋವು ಕಡಿಮೆ, ಹೀಗೆ. ಪೆಟ್ಟಿಗೆ ಬಂದಾಗ ಮನೆಯಲ್ಲಿ ಯಾರೂ ಇರಲಿಲ್ಲವೆಂಬುದನ್ನೂ ಆ ಸಾಲಿಗೆ ಸೇರಿಸಿದೆ. ಶಿವಶಿವಾ.

ಸೋಮವಾರಕ್ಕೆ ಯಾವ ಶಾಸ್ತ್ರವೂ ಉಳಿದಿರಲಿಲ್ಲ. ಅವತ್ತೇ ಶೈಲಳ ಫೋನು. "ಅಕ್ಕ, ಕುಣಿಗಲ್ ದೊಡ್ಡಮ್ಮಂಗೆ ತುಂಬಾ ಸೀರಿಯಸ್ಸಂತೆ. ಅತ್ತೆ ನೋಡ್ಲೇಬೇಕು ಅಂತ ಕಣ್ಣೀರು ಹಾಕ್ತಾವ್ರೆ. ಎತ್ಕೊಂಡು ಬೇರೆ ಕಾರಲ್ಲಿ ಕೂರಿಸ್ತೀವಿ ಅಂದ್ರೆ ಸುತಾರಾಂ ಒಪ್ತಿಲ್ಲ. ಪಾರ್ಸೆಲ್ ಬಂತಾ?"

"ಇನ್ನೂ ಬಂದಿಲ್ಲ ಕಣೇ," ಅಂದೆ.

ಯಾಕೆ ಅಂದೆ? ದೊಡ್ಡಮ್ಮ ಹಿಂದೆ ಎರಡು ಸಲ ಹೀಗಾಗಿ ಎದ್ದು ಕೂತಿದ್ದರು — ಈ ಸಲವೂ ಏಳುತ್ತಾರೆ ಅಂದುಕೊಂಡೆ. ಅದು ಅರ್ಧ. ಉಳಿದರ್ಧ — ಆ ಸೀಟಿಲ್ಲದಿದ್ದರೆ ಅತ್ತೆಗೆ ನನ್ನ ನೆನಪಾದೀತು. "ಗಿರಿಜನ್ನ ಕರೀರಿ, ಅವ್ಳು ಹಿಡ್ಕೊಂಡ್ರೆ ಯಾವ್ ಕಾರಲ್ಲಾದ್ರೂ ಬರ್ತೀನಿ" ಎನ್ನುತ್ತಾರೆ — ಅದನ್ನು ಕೇಳಬೇಕಿತ್ತು ನನಗೆ. ಮೂರು ದಿನ ಫೋನು ಪಕ್ಕದಲ್ಲೇ ಇಟ್ಟುಕೊಂಡು ಕಾದೆ. ಅವರು ಕೇಳಲಿಲ್ಲ. ಬೆಂಗಳೂರಿನ ಅಂಗಡಿಯವನು "ನಾನು ಕಳಿಸಾಗಿದೆ ಸಾರ್" ಅಂದನಂತೆ. ಮೈದುನ ಅವನನ್ನು ಸುಳ್ಳ, ಕಳ್ಳ ಎಂದೆಲ್ಲ ಬೈದನಂತೆ. ಅದನ್ನು ಕೇಳಿಯೂ ಅಟ್ಟಕ್ಕೆ ಕೈ ಹಾಕಲಿಲ್ಲ. ಗುರುವಾರ ಬೆಳಿಗ್ಗೆ ದೊಡ್ಡಮ್ಮ ಹೋದರು.

ಮಣ್ಣಿಗೂ ಅತ್ತೆ ಬರಲಿಲ್ಲ. "ಹೆಣ ನೋಡಕ್ಕೆ ಹೆಣದಂಗೆ ಹೋಗ್ಲಾ?" ಎಂದರಂತೆ. ಕುಣಿಗಲ್ಲಿನ ಅಂಗಳದಲ್ಲಿ ನೆಂಟರು ಶೈಲಳಿಗೆ ಕೇಳುವ ಹಾಗೇ ಆಡಿಕೊಂಡರು — "ಅಷ್ಟ್ ದೊಡ್ಡ ಫಾರಿನ್ ಗಾಡಿ ಇಟ್ಕೊಂಡವ್ರೆ, ಒಬ್ಬಮ್ಮನ್ನ ಕರ್ಕಂಬರಕ್ಕಾಗ್ಲಿಲ್ಲ. ಷೋಕಿಗೆ ತಗಂಡಿರೋದು ಬುಡಿ." ಶೈಲ ತಲೆ ತಗ್ಗಿಸಿ ನಿಂತಿದ್ದಳು. ನಾನು ಅವಳ ಪಕ್ಕದಲ್ಲೇ ಇದ್ದೆ. ಬಾಯಿ ಬಿಡಲಿಲ್ಲ. ಎರಡು ದಿನ ಬಿಟ್ಟು, ಪಕ್ಕದ ಮನೆಯವರು ಇಸಿದುಕೊಂಡು ಮರೆತಿದ್ದರೆಂದು ಹೇಳಿ ಶೈಲಳಿಗೆ ಪೆಟ್ಟಿಗೆ ಕೊಟ್ಟೆ. "ಅವರೇನ್ ಬೇಕೂಂತ ಮಾಡಿದ್ರಾ, ಬಿಡಿ ಅಕ್ಕ," ಎಂದಳು.

ಈ ಶ್ರಾವಣದಲ್ಲಿ ಸೀಟು ಮತ್ತೆ ನಿಂತಿತು. ಮತ್ತೆ ನಮ್ಮ ವಿಳಾಸಕ್ಕೇ ಪಾರ್ಸೆಲ್. "ಪಕ್ಕದ್ಮನೆ ಆಂಟಿಗೆ ಹೇಳಿಟ್ಟಿರಿ ಅಕ್ಕ, ಹೋದ್ಸಲದಂಗೆ ಮರ್ತುಬಿಟ್ಟಾರು," ಎಂದು ಶೈಲ ಫೋನಿನಲ್ಲಿ ನಕ್ಕಳು. ಆ ನಗು ಕೇಳಿ ನನಗೆ ಕೂರಲಾಗಲಿಲ್ಲ. ಪೆಟ್ಟಿಗೆ ಬಂದ ಗಳಿಗೆಯಲ್ಲೇ ಸೀರೆ ಬದಲಿಸಿ ಗುಬ್ಬಿ ಬಸ್ಸು ಹತ್ತಿದೆ. ತೊಡೆಯ ಮೇಲೆ ಅದನ್ನು ಇಟ್ಟುಕೊಂಡು ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಅತ್ತೆಯ ಮಂಚದ ಪಕ್ಕ ಕೂತಾಗ ಒಂದೂ ಉಳಿದಿರಲಿಲ್ಲ.

"ಅತ್ತೆ, ಹೋದ ಸಲ ಪಾರ್ಸೆಲ್ ತಡವಾಗ್ಲಿಲ್ಲ. ಪಕ್ಕದ್ಮನೆಯವ್ರು ಏನೂ ಮಾಡ್ಲಿಲ್ಲ. ನಾನೇ ಬಚ್ಚಿಟ್ಟಿದ್ದೆ — ದೊಡ್ಡಮ್ಮ ಹೋಗೋವರ್ಗೂ, ಆರು ದಿನ. ನೀವು ಶೈಲನ ಗಾಡಿ ಬಿಟ್ಟು ನನ್ನ ಕರೀಲಿ ಅಂತ."

ಅತ್ತೆ ನನ್ನ ಕಡೆ ನೋಡದೆ, ಲಕ್ವದ ತೊದಲಿನಲ್ಲೇ ಹೇಳಿದರು:

"ಅಕ್ಕ ಮೂರು ದಿನ ಬಾಗ್ಲು ಕಡೀಕೇ ಮಖ ಮಾಡ್ಕಂಡು ಮಲಗಿದ್ಲಂತೆ. ಆಚೆ ಯಾವ್ ಗಾಡಿ ಸದ್ದಾದ್ರೂ 'ಬಂದ್ಲಾ?' ಅಂತಿದ್ಲಂತೆ." ಸ್ವಲ್ಪ ನಿಲ್ಲಿಸಿ, "ನಿಂಗೂ ಗೊತ್ತಿರ್ಲಿ ಅಂತ ಹೇಳ್ದೆ," ಅಂದರು.

ಕ್ಷಮಿಸಿ ಎಂದು ಕೇಳಲು ಬಾಯಿ ಬರಲಿಲ್ಲ. ಕೇಳಿದ್ದರೆ ಅದೂ ನನಗಾಗಿಯೇ ಆಗುತ್ತಿತ್ತು. ತಿರುಗಿದರೆ ಶೈಲ ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಮೊದಲ ಸಲ ನನ್ನನ್ನು ಅಕ್ಕ ಅನ್ನಲಿಲ್ಲ.

"ಕಾಯಿ ಒಡೆದಿಟ್ಟಿದೀನಿ. ತುರೀಬೇಕು," ಎಂದು ಮಾತ್ರ ಹೇಳಿ ಪೆಟ್ಟಿಗೆ ಎತ್ತಿಕೊಂಡು ಹೊರಗೆ ಹೋದಳು.

ನಾನು ಅಡುಗೆಮನೆಗೆ ಹೋಗಿ, ಈಳಿಗೆಮಣೆ ಹಾಕಿಕೊಂಡು, ಕಾಯಿ ತುರಿಯಲು ಕೂತೆ.