ಗಾಜಿನ ಮೇಲೆ ನನ್ನ ಹೆಸರು

ಮೊನ್ನೆ ತೀರಿಕೊಂಡ ಕಾಕಾ ನಮ್ಮ ಸಂಬಂಧಿಕರಲ್ಲ. ಮುಂಬಯಿ ಹತ್ತಿರದ ಕಲ್ಯಾಣದಲ್ಲಿ, ವಠಾರದಂಥ ನಮ್ಮ ಚಾಳಿನಲ್ಲಿದ್ದ ಧಾರವಾಡದ ಕಡೆಯವರು. ಥಿಯೇಟರಿನಲ್ಲಿ ತೋರಿಸುವ ಜಾಹೀರಾತಿನ ಸ್ಲೈಡುಗಳನ್ನು ಗಾಜಿನ ಮೇಲೆ ಬರೆಯುವುದು ಅವರ ಕೆಲಸ. ಬರೆದದ್ದನ್ನು ಬಾಯಿಂದ ಊದಿ ಆರಿಸಿ, ಬಲ್ಬಿಗೆ ಹಿಡಿದು ನೋಡುತ್ತಿದ್ದರು. ಅಂಗಡಿಯವರು ಏನು ಬರೆದು ತಂದರೂ, “ಭಾಳ ಆತ್ರೀ, ಕಡಿಮಿ ಮಾಡ್ರಿ” ಎನ್ನುತ್ತಿದ್ದರು.

ಎಪ್ಪತ್ತರ ದಶಕದ ಒಂದು ದಿನ, ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಇಂಟರ್‌ವ್ಯೂ ಇದೆಯೆಂದು ಹಾಸಿಗೆ ಹಿಡಿದಿದ್ದ ಅವ್ವನಿಗೂ ಇಡೀ ಚಾಳಿಗೂ ಹೇಳಿ, ನಾನು ಮ್ಯಾಟಿನಿಗೆ ಹೋದೆ. ಥಿಯೇಟರಿನ ಬಾಗಿಲಲ್ಲೇ, ಸ್ಲೈಡುಗಳನ್ನು ಕೊಟ್ಟು ಚಾಳಿಗೆ ಹೊರಟಿದ್ದ ಕಾಕಾ ಸಿಕ್ಕರು.

“ಇಂಟರ್‌ವ್ಯೂ ಇಲ್ಲೇ ಐತೇನಪಾ?” ಎಂದು ನಕ್ಕರು.

ಇಂಟರ್ವಲ್‌ನಲ್ಲಿ ಹಲ್ಲುಪುಡಿಯ ಜಾಹೀರಾತಿನ ಹಿಂದೆಯೇ ಪರದೆಯ ಮೇಲೆ ನನ್ನ ಹೆಸರು ಬಂತು. ಕೂಡಲೇ ಹೊರಗೆ ಬರಬೇಕೆಂದು ಮರಾಠಿಯಲ್ಲಿತ್ತು. ನನ್ನ ಹೆಸರು ಅಷ್ಟು ದೊಡ್ಡದಾಗಿ ಕಂಡದ್ದು ಅದೇ ಮೊದಲು, ಅದೇ ಕೊನೆ. ಅಪ್ಪ ಹಿಡಿಯಲು ಬಂದಿದ್ದಾರೆಂದುಕೊಂಡು ಈ ಶೂರ ಕುರ್ಚಿಯಲ್ಲಿ ಇನ್ನಷ್ಟು ಕುಗ್ಗಿ ಕುಳಿತ.

ಸ್ವಲ್ಪ ಹೊತ್ತಿಗೆ ಇನ್ನೊಂದು ಸ್ಲೈಡ್ ಬಂತು. ಅದರ ಮಸಿಯೂ ಆರಿರಲಿಲ್ಲ. ಬಹುಶಃ ಅಲ್ಲಿ ನನಗೊಬ್ಬನಿಗೇ ಓದಲು ಬರುತ್ತಿದ್ದ ಕನ್ನಡದಲ್ಲಿ ಕಾಕಾ ಬರೆದಿದ್ದರು: “ಯಾರೂ ಬಯ್ಯೂದಿಲ್ಲ. ಅವ್ವ ಕರ್ಯಾಕತ್ತಾಳ. ಬಾ.”

ಮನೆಗೆ ಓಡಿದೆ. ಅವ್ವ ಕಣ್ಣು ತೆರೆದು ನನ್ನ ಕೈ ಹಿಡಿದಳು. ಬಯ್ಯಲಿಲ್ಲ, ಬಯ್ಯಲು ಅವಳಲ್ಲಿ ಉಸಿರು ಉಳಿದಿರಲಿಲ್ಲ.