ದುರ್ಗದರ್ಶನ

ಜಪಾನಿನಲ್ಲಿ ಮನುಷ್ಯನ ಮಾನ ಇರುವುದು ಕಾಲುಚೀಲದ ತುದಿಯಲ್ಲಿ. ಹೋಟೆಲು, ಆಸ್ಪತ್ರೆ, ಸಹೋದ್ಯೋಗಿಯ ಮನೆ, ಎಲ್ಲಿ ಯಾವಾಗ ಬೂಟು ಬಿಚ್ಚಬೇಕಾದೀತೋ ಹೇಳಬರುವುದಿಲ್ಲವಾದ್ದರಿಂದ, ಇಲ್ಲಿನ ಸಜ್ಜನರು ಹೆಬ್ಬೆರಳನ್ನು ಮನೆಯ ಗುಟ್ಟಿನಂತೆ ಕಾಪಾಡಿಕೊಳ್ಳುತ್ತಾರೆ. ಇಲ್ಲಿನ ನಿಶಿ ಕಸಾಯಿ ಬಡಾವಣೆಗೆ ಬಂದು ಇಷ್ಟು ವರ್ಷವಾದರೂ ನನಗೆ ಆ ವಿದ್ಯೆ ಸಿದ್ಧಿಸಿಲ್ಲ. ಹಾಗಾಗಿ ಬೆಟ್ಟದ ತುದಿಯ ಹಳೆಯ ಕೋಟೆಯೊಂದರ ಬಾಗಿಲಲ್ಲಿ, ಪಾದರಕ್ಷೆ ಕಳಚಿ ಇದರಲ್ಲಿ ಹಾಕಿಕೊಳ್ಳಿ ಎಂದು ಪ್ಲಾಸ್ಟಿಕ್ ಚೀಲ ಕೊಟ್ಟಾಗ, ಕಾಲಿಗೊಂದು ಚೀಲ, ಬೂಟಿಗೊಂದು ಚೀಲ ಎಂಬ ಆ ಸುವ್ಯವಸ್ಥೆಯ ನಡುವೆ ನನ್ನ ಬಲಗಾಲಿನ ಹೆಬ್ಬೆರಳು ಮಾತ್ರ ಅನಾಥವಾಗಿ ಹೊರಗಿಣುಕಿತು.

ಅದಕ್ಕಿಂತ ದೊಡ್ಡ ಮಾನಭಂಗ ಮೇಲೆ ಕಾದಿತ್ತು. ಕಾರಣ ನನ್ನ ಸಂಸ್ಕೃತದ ಚಟ.

ಮೈಸೂರಿನಿಂದ ಬಂದಿದ್ದ ಅಮ್ಮ ಆ ವಾರ ವಾಪಸು ಹೊರಡುವವರಿದ್ದರು. ಬಂದಾಗಿನಿಂದ ಅವರಿಗಿದ್ದದ್ದು ಒಂದೇ ಆಸೆ, ಇಲ್ಲೇ ಹುಟ್ಟಿ ಬೆಳೆದ ಮೊಮ್ಮಗಳ ಬಾಯಲ್ಲಿ ಒಂದಾದರೂ ಕನ್ನಡದ ಮಾತು ಕೇಳಬೇಕು. ನನ್ನ ಮಗಳು ಪುಟ್ಟಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಜಪಾನಿಯಲ್ಲಿ ಬರುತ್ತದೆ. "ಊಟ ಆಯ್ತಾ ಪುಟ್ಟಿ?" ಎಂದರೆ ಅವಳು "ಹಾಯ್" ಎನ್ನುತ್ತಾಳೆ. ಇಲ್ಲಿ ಹೌದು ಎನ್ನಲು ಹಾಗೆನ್ನುತ್ತಾರೆಂದು ಎಷ್ಟು ಹೇಳಿದರೂ, ಅಮ್ಮ ಪಾಪ, ಪ್ರತಿಸಲವೂ "ಹಾಯ್ ಕಂದ" ಎಂದು ಕೈ ಬೀಸುತ್ತಿದ್ದರು.

ಕೋಟೆ ನೋಡೋಣ ಎಂದಿದ್ದರೆ ಮುಗಿಯುತ್ತಿತ್ತು. ನಾನು "ಬೆಟ್ಟದ ಮೇಲೆ ದುರ್ಗದರ್ಶನ ಮಾಡಿಸ್ತೀನಮ್ಮ" ಎಂದೆ. ಅಮ್ಮನ ಕಿವಿಯಲ್ಲಿ ಅದಕ್ಕೊಂದು ದೀರ್ಘ ಸೇರಿ ದುರ್ಗಾದರ್ಶನವಾಯಿತು. ತಲೆಗೆ ಸ್ನಾನ ಮಾಡಿ, ಖಾಲಿ ಹೊಟ್ಟೆಯಲ್ಲಿ, ಕೊಂಬಿನಿ ಅಂಗಡಿಯಲ್ಲಿ ಕೊಂಡ ಬಾಳೆಹಣ್ಣು ಹಿಡಿದು, ಪುಟ್ಟಿಯನ್ನೂ ಕರೆದುಕೊಂಡು ಹೊರಟರು. ಮಂಡಿನೋವಿನ ಅಮ್ಮ ಅಷ್ಟು ಹುರುಪಿನಿಂದ ಹತ್ತುತ್ತಿರುವುದು ನನ್ನ ಇತಿಹಾಸಪ್ರೇಮದ ಪ್ರಭಾವವೆಂದು ನಾನು ದಾರಿಯುದ್ದಕ್ಕೂ ಬೀಗಿದೆ, ನೋಡಿ!

ಕಡಿದಾದ ಮರದ ಏಣಿಯೇರಿ ಮೇಲಂತಸ್ತು ತಲುಪಿದರೆ ಅಲ್ಲಿದ್ದದ್ದು ಕಪ್ಪುಗಟ್ಟಿದ ತೊಲೆಗಳು, ಸುತ್ತಲೂ ಕಿಟಕಿ, ಗಾಳಿ. ಅಮ್ಮ ಮೂಲೆಮೂಲೆ ಹುಡುಕಿ, "ಅಮ್ಮನೋರು ಎಲ್ಲೋ?" ಎಂದರು. ನಾನು ಹೇಳಿದ ದುರ್ಗ ಎಂದರೆ ಈ ಕೋಟೆಯೇ ಎಂದು ತಿಳಿಸಿದೆ. "ಬೆಟ್ಟ ಹತ್ತಿಸಿದಾರೆ, ಚಪ್ಪಲಿ ಬಿಡಿಸಿದಾರೆ, ದೇವರನ್ನೇ ಇಡ್ಲಿಲ್ವಾ?" ಎಂದು ನಕ್ಕು, ಕಿಟಕಿಯಿಂದ ಕೆಳಗಿನ ಊರನ್ನು ನೋಡಿ, "ಹೋಗ್ಲಿ ಬಿಡು, ಇವರನ್ನೆಲ್ಲ ಕಾಯೋಕೆ ತಾನೇ ಕಟ್ಟಿದ್ದು" ಎನ್ನುತ್ತಾ ಖಾಲಿ ಗಾಳಿಗೇ ಕೈಮುಗಿದರು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅಮ್ಮನ ಮೇಲೆ ಮುದ್ದು ಬಂತು.

ಇಳಿಯುವ ಮುನ್ನ ತಿರುಗಿ ನಿಂತು, ದೇವಸ್ಥಾನದಲ್ಲಿ ಹೇಳುವಂತೆಯೇ, "ಹೋಗಿ ಬರ್ತೀನಮ್ಮ" ಎಂದರು. ಪುಟ್ಟಿ ಥಟ್ಟನೆ ನಿಂತಳು. ಶಾಲೆಗೆ ಹೊರಡುವಾಗ ಅವಳು ದಿನಾ ಹೇಳುವ "ಇತ್ತೆಕಿಮಾಸು" ಎಂಬುದಕ್ಕೂ ಹೋಗಿ ಬರುತ್ತೇನೆ ಎಂದೇ ಅರ್ಥ. ಅದಕ್ಕೆ ಮನೆಯಲ್ಲಿ ಉಳಿದವರು ಉತ್ತರ ಕೊಡದಿದ್ದರೆ ಅವಳು ಹೊಸಿಲು ದಾಟುವುದಿಲ್ಲ. ಇಲ್ಲಿ ಉತ್ತರಿಸಲು ಯಾರೂ ಇರಲಿಲ್ಲ. ಆ ಲೋಪವನ್ನು ಸಹಿಸದೆ, ಕೋಟೆಯ ಪರವಾಗಿ ಅವಳೇ ಹೇಳಿದಳು: "ಹೋಗಿ ಬಾ, ಅಜ್ಜಿ."

ಅಮ್ಮ ಅಲ್ಲೇ ಕುಳಿತುಬಿಟ್ಟರು. ಸೆರಗಿನಿಂದ ಕಣ್ಣೊರೆಸಿಕೊಂಡು ನೋಡಿದರೆ ಎದುರಿಗೆ ನನ್ನ ಹೆಬ್ಬೆರಳು! "ಸದ್ಯ, ಇದರ ದರ್ಶನನೂ ಆಯ್ತು" ಎಂದರು.

ಊರಿಗೆ ಹೊರಡುವ ಮುನ್ನ ಆ ತೂತನ್ನು ಕೈಗೆ ಸಿಕ್ಕ ಕೆಂಪು ದಾರದಲ್ಲಿ ಹೊಲಿದುಕೊಟ್ಟರು. ಅಮ್ಮ ಹೋಗಿದ್ದಾರೆ, ಬರುವುದು ಬಾಕಿಯಿದೆ. ಅಲ್ಲಿಯವರೆಗೆ, ಎಲ್ಲಿ ಬೂಟು ಬಿಚ್ಚಬೇಕಾಗಿ ಬಂದರೂ, ನಾನು ಬಲಗಾಲನ್ನು ತುಸು ಮುಂದಕ್ಕೇ ಚಾಚಿ ಕೂರುತ್ತೇನೆ.