ಠಣ್ಣಣ್ಣ ಒಪ್ಪಿದ ಕಲ್ಲುಗಳು

ಆ ಲೇತ್ ವರ್ಕ್‌ಶಾಪಿನಲ್ಲಿ ಅವನನ್ನು ಠಣ್ಣಣ್ಣ ಎನ್ನದೆ ಬೇರೆ ಹೆಸರಿನಿಂದ ಕರೆದವರಿಲ್ಲ. ಗ್ರೈಂಡರಿಗೆ ಹೊಸ ಸಾಣೆಕಲ್ಲು ಬಂದರೆ ಮೊದಲು ಅವನ ಕೈಗೇ ಹೋಗಬೇಕು. ನಡುವಿನ ತೂತಿಗೆ ಬೆರಳು ತೂರಿಸಿ ಕಲ್ಲನ್ನು ತೂಗುಬಿಟ್ಟು, ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ನಾಲ್ಕು ಕಡೆ ಮೆಲ್ಲಗೆ ತಟ್ಟಿ ಕಿವಿಗೊಡುತ್ತಿದ್ದ. ಗಂಟೆಯಂತೆ ಠಣ್ ಎಂದರೆ ಕಲ್ಲು ಗಟ್ಟಿ. ಒಡೆದ ಮಡಕೆಯಂತೆ ದಬ್ ಎಂದರೆ, ಹೊರಗೆ ಕಾಣದಿದ್ದರೂ, ಒಳಗೆ ಬಿರುಕು. ಇಪ್ಪತ್ತಾರು ವರ್ಷ ಅವನು ಒಪ್ಪಿದ ಕಲ್ಲಿನ ಬಗ್ಗೆ ಯಾರೂ ಚಕಾರ ಎತ್ತಿರಲಿಲ್ಲ. ಸುತ್ತಲ ಬೀದಿಯವರೂ ಕಲ್ಲು ಬದಲಿಸಲು ಅವನನ್ನೇ ಕರೆಯುತ್ತಿದ್ದರು.

ಈಚೆಗೆ ಮನೆಯಲ್ಲಿ ಹೆಂಡತಿ, "ನಾನೇನು ಗೋಡೆ ಜೊತೆ ಮಾತಾಡ್ತಾ ಇದೀನಾ" ಎಂದು ಗೊಣಗುತ್ತಿದ್ದಳು. "ನೀನು ಒಲೆ ಮುಂದೆ ಪಿಸುಗುಟ್ಟಿದ್ರೆ ಇಲ್ಲಿ ಯಾರಿಗೆ ಕೇಳುತ್ತೆ" ಎಂದು ಅವನು ತಳ್ಳಿಹಾಕುತ್ತಿದ್ದ.

ಅಂದು ಬೆಳಿಗ್ಗೆ ಒಂದೇ ಪೆಟ್ಟಿಗೆಯಲ್ಲಿ ಎರಡು ಹೊಸ ಕಲ್ಲು ಬಂದವು. ಎರಡನ್ನೂ ತಟ್ಟಿ, ತಲೆಯಾಡಿಸಿ, ಒಂದನ್ನು ಕೂರಿಸಿದ. ಕವರು ಮುಚ್ಚಿ, ಕೈಯಲ್ಲೇ ಒಂದು ಸುತ್ತು ತಿರುಗಿಸಿ ನೋಡಿದ. ಕನ್ನಡಕ ಹಾಕಿಕೊಂಡು, ಎದುರು ನಿಲ್ಲದೆ ಪಕ್ಕಕ್ಕೆ ಸರಿದು ಸ್ವಿಚ್ ಒತ್ತಿದ. ಹೊಸ ಕಲ್ಲು ಒಂದು ನಿಮಿಷ ಸುಮ್ಮನೆ ಓಡಬೇಕು, ಆಗ ಎದುರಿಗೆ ನರಪಿಳ್ಳೆಯೂ ಇರಕೂಡದು ಎನ್ನುವುದು ಅವನ ಕಟ್ಟಳೆ. ವೆಲ್ಡಿಂಗ್ ಮಾಡುವ ಹೆಂಗಸು ಸಲಾಕೆ ಹಿಡಿದು ಅವನ ಹಿಂದೆ ಕಾಯುತ್ತಿದ್ದಳು.

"ನಿಮ್ಮ ಒಂದು ನಿಮಿಷದಲ್ಲಿ ನಾನು ಊಟ ಮುಗಿಸಿ ಬರಬಹುದು ಅಣ್ಣ" ಎಂದು ಕೀಟಲೆ ಮಾಡಿದಳು.

ಅಷ್ಟರಲ್ಲಿ ಕಲ್ಲು ಸಿಡಿಯಿತು.

ಕವರು ಉಬ್ಬಿಹೋಗಿ ಬಹಳಷ್ಟು ಚೂರುಗಳನ್ನು ತಡೆಯಿತು. ಅಂಗೈಯಗಲದ ಒಂದು ಚೂರು ಮಾತ್ರ, ಕೆಲಸದವರು ನಿಲ್ಲುವ ಜಾಗವನ್ನು ದಾಟಿ, ಹಿಂದಿದ್ದ ತಗಡಿನ ಬೀರುವನ್ನು ತೂತು ಮಾಡಿ ಒಳಗೆ ಹೋಗಿತ್ತು. ತೂತು ಎದೆಯೆತ್ತರಕ್ಕಿತ್ತು. ಅವಳು ಅದನ್ನು ನೋಡಿದಳು, ತನ್ನ ಎದೆ ಮುಟ್ಟಿಕೊಂಡಳು, ಅಲ್ಲೇ ಕುಸಿದು ಕುಳಿತಳು. ಠಣ್ಣಣ್ಣ ಸ್ವಿಚ್ ಆರಿಸಿದ.

ಯಜಮಾನ ಓಡಿಬಂದ. "ಆ ಅಂಗಡಿಯವನಿಗೆ ಗ್ರಹಚಾರ ಬಿಡಿಸ್ತೀನಿ. ಒಡಕಲು ಮಾಲು ಕಳಿಸಿದಾನೆ" ಎಂದು ಫೋನು ತೆಗೆದ.

"ನಾನು ತಟ್ಟಿ ನೋಡಿದ್ದೆ ಯಜಮಾನ್ರೆ, ಎರಡೂ ಚೆನ್ನಾಗೇ ಇದ್ವು" ಎಂದು ಠಣ್ಣಣ್ಣ ಉಳಿದ ಕಲ್ಲನ್ನು ಬೆರಳಿಗೆ ತೂಗುಬಿಟ್ಟು ತಟ್ಟಿ ತೋರಿಸಿದ.

ನೆಲದ ಮೇಲೆ ಕುಳಿತಿದ್ದವಳು ತಲೆಯೆತ್ತಿದಳು. "ಇದೂ ಒಡೆದಿದೆಯಲ್ಲ ಅಣ್ಣ."

"ಏನು?"

"ದಬ್ ಅಂತಿದೆ. ನಿಮಗೆ ಕೇಳಿಸ್ತಿಲ್ವಾ?"

ಠಣ್ಣಣ್ಣ ಗೋಡೆಗೆ ಒರಗಿಸಿದ್ದ ಹಳೆಯ ಸವೆದ ಕಲ್ಲನ್ನೂ ಎತ್ತಿ ತಟ್ಟಿದ. "ಇದು ಠಣ್ ಅಂತು" ಎಂದಳು. ಅವನಿಗೆ ಎರಡೂ ಒಂದೇ. ಮರ ಕಲ್ಲಿಗೆ ತಾಕಿದ ಸದ್ದು ಕೇಳಿತು. ಆಮೇಲೆ ಗಾಳಿಯಲ್ಲಿ ಉಳಿಯಬೇಕಾದ ನಾದ ಯಾವುದರಲ್ಲೂ ಇರಲಿಲ್ಲ. ಎಷ್ಟು ತಿಂಗಳಿಂದ ಇರಲಿಲ್ಲವೋ. ಕೈ ಅಭ್ಯಾಸಬಲದಿಂದ ತಟ್ಟುತ್ತಿತ್ತು, ಮನಸ್ಸು ತಾನೇ ಠಣ್ ಎಂದುಕೊಳ್ಳುತ್ತಿತ್ತು.

"ಫೋನು ಇಡಿ ಯಜಮಾನ್ರೆ. ಕಲ್ಲು ದಾರೀಲಿ ಎಲ್ಲೋ ಬಿದ್ದಿರಬಹುದು. ಅದನ್ನ ಹಿಡೀಬೇಕಾದವನು ನಾನು. ನನ್ನ ಕಿವಿ ಹೋಗಿದೆ."

ಠಣ್ಣಣ್ಣ ಆ ಹೆಂಗಸಿನ ಮುಂದೆ ಬಗ್ಗಿದ. "ಏಳು ತಂಗಿ, ಕೈ ಮುಗೀತೀನಿ. ಎದುರು ಬೀದಿ ಬಡಗಿಗೆ ಎರಡು ತಿಂಗಳ ಹಿಂದೆ ನಾನೇ ಕಲ್ಲು ಹಾಕಿಕೊಟ್ಟಿದೀನಿ. ನೀನು ಬಂದು ತಟ್ಟಿ ಕೇಳಬೇಕು."

ಅವಳು ಗೋಡೆ ಹಿಡಿದು ಎದ್ದಳು.

ಬಡಗಿ ಗ್ರೈಂಡರಿನ ನೇರ ಎದುರಿಗೆ ಬಗ್ಗಿ ಉಳಿ ಮಸೆಯುತ್ತಿದ್ದ. ಠಣ್ಣಣ್ಣ ಹೋಗಿ ಸ್ವಿಚ್ ಆರಿಸಿದ.

"ಏನಪ್ಪಾ, ಇದೇನು ನಿನ್ನ ಮಾವನ ಮನೆಯಾ?"

"ನಿನ್ನ ಕಲ್ಲು ಬಿಚ್ಚಬೇಕು."

"ಯಾಕೆ, ಅದಕ್ಕೇನಾಗಿದೆ?"

"ಗೊತ್ತಿಲ್ಲ. ಹಾಕುವಾಗಲೂ ಗೊತ್ತಿರಲಿಲ್ಲ."

ಕಲ್ಲು ಪೂರ್ತಿ ನಿಂತ ಮೇಲೆ ಪ್ಲಗ್ ಕಿತ್ತು, ಕಳಚಿ ಅವಳ ಕೈಗೆ ಕೊಟ್ಟ. ಅವಳು ತಟ್ಟಿದಳು. ಅವನು ಅವಳ ಮುಖವನ್ನೇ ನೋಡುತ್ತಿದ್ದ.

"ಸರಿಯಾಗಿದೆ ಅಣ್ಣ."

"ಇನ್ನೊಂದ್ಸಲ ತಟ್ಟು."

"ನನ್ನಾಣೆಗೂ ಠಣ್ ಅಂತಿದೆ."

ನಡೆದದ್ದನ್ನೆಲ್ಲ ಅವಳ ಬಾಯಿಂದ ಕೇಳಿದ ಬಡಗಿ ಉಳಿಯನ್ನು ಕೆಳಗಿಟ್ಟ. "ಇನ್ನೂ ಎಷ್ಟು ಜನಕ್ಕೆ ಹಾಕಿಕೊಟ್ಟಿದೀಯ?"

ಠಣ್ಣಣ್ಣ ಬೆರಳು ಮಡಿಚತೊಡಗಿದ. ಬೀಗ ರಿಪೇರಿಯವನು. ಗೇಟು ಮಾಡುವ ಅಣ್ಣತಮ್ಮಂದಿರು. ಸೈಕಲ್ ಅಂಗಡಿ. ಒಂದು ಕೈಯ ಬೆರಳು ಮುಗಿದು ಇನ್ನೊಂದು ಕೈಯವು ಶುರುವಾದವು.

"ಎಣಿಸ್ತಾ ನಿಲ್ಲಬೇಡ" ಎಂದು ಬಡಗಿ ಚಪ್ಪಲಿ ಮೆಟ್ಟಿಕೊಂಡ. "ನಡಿ, ದಾರೀಲಿ ಹೇಳು."